ಗೂಡಿನೊಳಗೆ ಊದಿನಕಡ್ಡಿ

ಊದಿನಕಡ್ಡಿಯ ವಾಸನೆ ಬಂದರೆ ನನಗೆ ಈಗಲೂ ದೇವರಿಗಿಂತ ಮೊದಲು ಮಲಪನಗುಡಿಯ ನಮ್ಮ ಕೋಳಿಗೂಡು ನೆನಪಾಗುತ್ತದೆ.

ಅದಿರಿನ ಕೆಂಪು ಧೂಳು ಅಂಟಿದ ಹಳೆಯ ಹಲಗೆಗಳಿಂದ ಅಪ್ಪ ಗೂಡು ಕಟ್ಟಿ, ಕಿಟಕಿ ಕೊಯ್ಯಲೆಂದು ಕೆಳಗಡೆ ಇದ್ದಿಲಿನಿಂದ ಗೆರೆ ಎಳೆದಿದ್ದ. ಅವ್ವ ತಡೆದಳು. ನನ್ನನ್ನು ಒಳಗೆ ಕೂರಿಸಿ, ಹೊತ್ತಿಸಿದ ಊದಿನಕಡ್ಡಿಯೊಂದನ್ನು ಕೈಗೆ ಕೊಟ್ಟಳು.

"ಹೊಗಿ ಎತ್ತಾಗ ಹೋಗ್ತೈತಿ ನೋಡು."

ಹಲಗೆ ಸಂದಿಯಿಂದ ಬಿದ್ದ ಬಿಸಿಲಲ್ಲಿ ಹೊಗೆ ನೀಲಿ ನೂಲಿನಂತೆ ಮೇಲೇರಿ, ಸೂರಿನಡಿ ಪುಟ್ಟ ಮೋಡವಾಗಿ ನಿಂತಿತು. ಹೊರಗೆ ಅವರಿಬ್ಬರಿದ್ದಾರೆಂಬುದನ್ನೇ ಮರೆತು ನೋಡುತ್ತ ಕುಳಿತೆ.

"ಮ್ಯಾಲೇ ನಿಂತೈತಿ ಅವ್ವಾ," ಎಂದೆ ಕೊನೆಗೆ.

"ಹಂಗಾರ ಕೆಳಗ ಬ್ಯಾಡ್ರಿ. ಸೂರಿನ ಹತ್ರ ಎದುರುಬದುರು ಎರಡು ಕೊಯ್ರಿ. ಗಾಳಿ ಕೋಳಿ ತಲಿ ಮ್ಯಾಲಿಂದ ಹೋಗ್ಬೇಕು," ಎಂದಳು ಅವ್ವ.

ಅಪ್ಪ ನಕ್ಕ. "ಇಷ್ಟೆಲ್ಲಾ ನಿನಗ ಯಾರು ಹೇಳಿದ್ರು?"

"ದಿನಾ ಒಲಿ ಮುಂದ ಕುಂದರ್ತೀನಲ್ರಿ."

ಅಪ್ಪ ಎರಡೂ ಕಿಟಕಿ ಕೊಯ್ದ. ಮೋಡ ಮೆಲ್ಲಗೆ ಕರಗಿ ಹೊರಟುಹೋಯಿತು. ಅವ್ವ ಬಗ್ಗಿ ಗೂಡಿನೊಳಗೆ ತಲೆಯಿಟ್ಟು, ಕಣ್ಣು ಮುಚ್ಚಿ, ಬಹಳ ಹೊತ್ತು ಹಾಗೇ ಇದ್ದಳು. "ಭಾಳ ಚಲೋ ಗಾಳಿ," ಎಂದಳು.

ಆಮೇಲೆ ಸಂಜೆಯ ರೊಟ್ಟಿ ಬಡಿಯಲು, ಕಿಟಕಿಯಿಲ್ಲದ ನಮ್ಮ ಅಡುಗೆಮನೆಯೊಳಗೆ ಹೋದಳು. ಕೆಲಸ ಮುಗಿಯಿತೆಂದು ಅಪ್ಪ ಗರಗಸ ಒರೆಸಿ ಗೂಟಕ್ಕೆ ಸಿಕ್ಕಿಸಿದ.