ಒಗಟಿಗೆ ಸೋತ ಊರು

“ಕೊಲ್ಹಾರ ಕೊಡಾಕ ಅಂವ ಯಾಂವ? ಅವರಪ್ಪ ಕಟ್ಟಿಸಿದ ಊರೇನದು?”

ಹೊನ್ನವ್ವ ಕುರ್ಚಿಯಿಂದ ಅರ್ಧ ಎದ್ದೇ ಬಿಟ್ಟಳು. ಸಿಂದಗಿ ಬಸ್ ಸ್ಟ್ಯಾಂಡ್ ಎದುರಿನ ನೆಟ್ ಸೆಂಟರಿನಲ್ಲಿ ಕೂತವರೆಲ್ಲ ತಮ್ಮ ತಮ್ಮ ಕಂಪ್ಯೂಟರ್ ಬಿಟ್ಟು ಇತ್ತ ತಿರುಗಿದರು. ಸೊಸೆ ಜಯಮಾಲಾಗೆ ನಾಚಿಕೆಯಾಯಿತು. “ಅತ್ತಿ, ಸಾವಕಾಶ ಮಾತಾಡ್ರಿ. ಇದು ಬರೇ ಆಟ,” ಎಂದು ಕೈ ಹಿಡಿದು ಕೂಡಿಸಿದಳು.

ಆಟವೇನೋ ಹೌದು. ಹೈಸ್ಕೂಲ್ ಟೀಚರ್ ಜಯಮಾಲಾ ಶನಿವಾರದ ಅರ್ಧ ದಿನದ ಸಾಲಿ ಮುಗಿಸಿ ಇಲ್ಲಿಗೆ ಬಂದರೆ, ಮುಖ ನೋಡದ ಗೆಳೆಯರ ಗುಂಪೊಂದು ಇಂಟರ್‌ನೆಟ್ಟಿನಲ್ಲಿ ಕಾಯುತ್ತಿರುತ್ತದೆ. ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟುತ್ತ ಒಬ್ಬರು ದೇಶಗಳ ರಾಜಧಾನಿ ಕೇಳುತ್ತಾರೆ, ಇನ್ನೊಬ್ಬರು ತೋಳ, ಕುರಿ, ಹುಲ್ಲಿನ ಹೊರೆಯನ್ನು ಹೊಳೆ ದಾಟಿಸು ಅನ್ನುತ್ತಾರೆ. ಉತ್ತರ ಬಾರದವರು ಸೋತೆ ಎಂದು ಒಂದು ಊರು ಕೊಡಬೇಕು. ಊರು ಕೊಟ್ಟ ಮೇಲೇ ಉತ್ತರ. ಈ ಕಟ್ಟಳೆ ಹೊನ್ನವ್ವನ ಕಾಲದ್ದು, ಸೊಸೆಯ ಕೈಯಿಂದ ಗುಂಪಿಗೆ ಹೋಗಿ ಎಲ್ಲರಿಗೂ ರುಚಿ ಹತ್ತಿತ್ತು. ಊರು ಗೆದ್ದಾಕೆ ಸೆರಗಿಗೆ ಒಂದು ಗಂಟು ಹಾಕಿಕೊಳ್ಳಬೇಕು ಅಂತಲೂ ಇತ್ತು. ಕಂಪ್ಯೂಟರಿಗೆ ಸೆರಗಿಲ್ಲವಲ್ಲ, ಅದೊಂದು ಮನೆಯಲ್ಲೇ ಉಳಿಯಿತು.

ಹೆಂಗ ಆಡ್ತೀರಿ ನೋಡೇಬಿಡ್ತೇನಿ ಎಂದು ಇವತ್ತು ಅತ್ತೆಯೂ ಬೆನ್ನು ಹತ್ತಿ ಬಂದಿದ್ದಳು. ಒಗಟೂ ಅವಳು ಹೇಳಿಕೊಟ್ಟದ್ದೇ: “ದಿನಾ ತಿರಗತಾಳ, ಹೊಸ್ತಲಾ ದಾಟೂದಿಲ್ಲ, ಬಾಯಾಗ ಹಾಕಿದ್ದು ತಾ ನುಂಗೂದಿಲ್ಲ, ಮನಿಮಂದಿಗೆಲ್ಲಾ ಉಣಸ್ತಾಳ. ಯಾರು?” ಗುಂಪಿನ ಹುಲಿ ಅನ್ನಿಸಿಕೊಂಡ ಸೊಲ್ಲಾಪುರದ ಅಬ್ದುಲರಜಾಕ ಗಡಿಯಾರ ಅಂದ, ಫ್ಯಾನ್ ಅಂದ. ಕೊನೆಗೆ, “ಸೋತೆ ಟೀಚರ್, ಕೊಲ್ಹಾರ ಕೊಟ್ಟೆ. ಉತ್ತರ ಹೇಳ್ರಿ” ಎಂದು ಬರೆದ. ಬೀಸುವ ಕಲ್ಲು ಎಂದು ಜಯಮಾಲಾ ಕುಟ್ಟುವಷ್ಟರಲ್ಲಿ ಅತ್ತೆ ತಡೆದಿದ್ದಳು.

“ಹಳೇ ಕೊಲ್ಹಾರೋ, ಹೊಸಾದೋ? ಅದನ್ನ ಕೇಳು ಮೊದಲ.”

ಜಯಮಾಲಾ ಕೇಳಿದಳು. ಬಂದ ಉತ್ತರವನ್ನು ಮೆಲ್ಲಗೆ ಓದಿದಳು: “ಹಳೇದ್ರಿ, ಹಿನ್ನೀರಾಗ ಮುಳುಗಿದ್ದು. ಅದು ನಮ್ಮ ಅಮ್ಮಂದು. ಸಣ್ಣಾಕಿದ್ದಾಗ ಗೆಳತಿ ಕಡಿಂದ ಒಗಟಿನ್ಯಾಗ ಗೆದ್ದಾಳಂತ. ಯಾವ ಒಗಟು ಅಂತ ಮಾತ್ರ ಯಾರಿಗೂ ಹೇಳಿಲ್ಲ. ನೀರು ಬಂದಾಗ ಎಲ್ಲಾರೂ ಮನಿ ಹೋತು ಅಂತ ಅತ್ರ, ನಮ್ಮ ಅಮ್ಮ ನನ್ನ ಇಡೀ ಊರ ಹೋತು ಅಂತ ಅತ್ಲು.”

ಹೊನ್ನವ್ವ ತೆರೆಯತ್ತ ಬಗ್ಗಿದಳು. “ಆಕಿ ಹೆಸರ ಪೀರಬಿ ಏನು, ಕೇಳು.”

“ಹೌದ್ರಿ! ನಿಮಗ ಹೆಂಗ ಗೊತ್ತು?” ಎಂದು ತೆರೆಯ ಮೇಲೆ ಬಂತು.

“ಸೋತಾಕಿ ನಾನ ಅಲ್ಲೇನು!” ಹೊನ್ನವ್ವ ಸೊಸೆಯ ಭುಜ ಹಿಡಿದಳು. “ಹೊಳಿ ದಂಡಿ ಮ್ಯಾಲೆ ಅರಿವಿ ಒಗೀತಾ ಒಗೀತಾ ಇಂಡಿ ಸೋತೆ, ಮುದ್ದೇಬಿಹಾಳ ಸೋತೆ, ಬಾಗೇವಾಡಿ ಸೋತೆ. ಕೊಡಾಕ ಮತ್ತೊಂದು ಊರ ಗೊತ್ತಿದ್ದಿಲ್ಲ. ಆಕಿ ಕೇಳಿದ ಈ ಬೀಸುಕಲ್ಲಿನ ಒಗಟಿಗೆ ಹುಟ್ಟಿದೂರು ಕೊಲ್ಹಾರಾನೂ ಕೊಟ್ಟುಬಿಟ್ಟೆ. ನಾಳಿಗೆ ಗೆದ್ದು ತಗೋತೇನಿ ನೋಡು ಅಂದಿದ್ದೆ. ಮರುದಿನಾ ನನ್ನ ನೋಡಾಕ ಸಿಂದಗಿಯಿಂದ ಬೀಗರು ಬಂದು ಕುಂತ್ರು. ಮುಗೀತು. ನಾ ಇಲ್ಲಿ, ಆಕಿ ಎಲ್ಲೋ. ಆಮ್ಯಾಲೆ ಗೆಲ್ಲೂನಂದ್ರ ಊರ ಇದ್ದಿಲ್ಲ.”

“ಹಂಗಾರ ಈಗ ಬಂತಲ್ರಿ ಅತ್ತಿ. ಮಗ ಕೊಟ್ಟಾನ.”

“ಮಗ ಕೊಟ್ರ ನಡಿಯೂದಿಲ್ಲ. ಗೆದ್ದಾಕೀನ ಸೋಲಬೇಕು. ಆಕೀನ ಕರಿ ಅನ್ನು. ಇದೇ ಒಗಟು ಕೇಳು.”

“ಅತ್ತಿ, ಇದು ಆಕೀದೇ ಒಗಟು! ಬ್ಯಾರೆ ಕೇಳ್ರಿ. ಥಟ್ಟನ ಹೇಳಿಬಿಡ್ತಾಳ.”

“ಇದೇ ಒಗಟಿಗೆ ಹೋದ ಊರು, ಇದೇ ಒಗಟಿಗೆ ಬರಬೇಕು. ಹೇಳಿದ್ರ ಹೇಳ್ಲಿ, ಸಿಂದಗೀನೂ ತಗೊಂಡು ಹೋಗ್ಲಿ.”

ಕೊಲ್ಹಾರದ ಗೆಳತಿ ಕೇಳ್ತಾಳ, ಅಮ್ಮನ್ನ ಕರೀರಿ ಎಂದು ಜಯಮಾಲಾ ಕುಟ್ಟಿದಳು. ರಜಾಕನ ಕಂಪ್ಯೂಟರ್ ಅಂಗಡಿ ಮನೆಯ ಮುಂಭಾಗದಲ್ಲೇ ಇತ್ತು. ಅತ್ತೆ ಸೊಸೆ ಇಬ್ಬರೂ ತೆರೆಗೆ ಮೂಗು ತಾಗಿಸಿ ಕೂತರು. ತಡವಾಗಿ ಒಂದೊಂದೇ ಸಾಲು ಇಳಿಯಿತು. “ಅಮ್ಮ ಬಂದ್ಲು.” “ಓದಿ ಹೇಳಿದೆ.” “ಯಾರು ಕೇಳಾಕತ್ತಾರಂತಾಳ. ಕೊಲ್ಹಾರದ ಗೆಳತಿ ಅಂದೆ.” ಕೊನೆಗೆ ಬಂತು: “ಗೊತ್ತಿಲ್ಲಂತ್ರಿ. ಸೋತೆ ಹೊನ್ನಿ, ಕೊಲ್ಹಾರ ಕೊಟ್ಟೆ, ತಗೋ ಅನ್ನಾಕತ್ತಾಳ. ಯಾಕೋ ಸೆರಗ ಬಾಯಿಗೆ ಒತ್ತಿ ನಗಾಕತ್ತಾಳ.”

“ಸುಳ್ಳಬುರುಕಿ!” ಹೊಳೆಯ ಆಚೆ ದಂಡೆಯವಳನ್ನು ಕೂಗುವಂತೆ ಹೊನ್ನವ್ವ ತೆರೆಗೆ ಕೂಗಿದಳು. ಕಣ್ಣು ತುಂಬಿ, ಮುಖವೆಲ್ಲ ನಗೆಯಾಗಿತ್ತು. “ಬರಿ, ಜಯಮಾಲಾ. ಸುಳ್ಳಬುರುಕಿ ಅಂತ ದೊಡ್ಡದಾಗಿ ಬರಿ.”

ಬರೆಯುವಷ್ಟರಲ್ಲಿ ಕರೆಂಟ್ ಹೋಯಿತು. ಕಂಪ್ಯೂಟರುಗಳೆಲ್ಲ ಒಮ್ಮೆಲೇ ಕಪ್ಪಾದವು.

“ಅಯ್ಯ, ಎಲ್ಲಾ ಹೋತಲ್ರಿ ಅತ್ತಿ!”

“ಎಲ್ಲಿ ಹೋಗ್ತೈತಿ? ಬರೂ ಶನಿವಾರ ಹಿಂದ ಗೆಲ್ಲಾಕ ಬರ್ತಾಳ ನೋಡು ಆಕಿ, ಸುಮ್ಮನಿರೂಕಿ ಅಲ್ಲ,” ಎಂದಳು ಹೊನ್ನವ್ವ. ಆಮೇಲೆ ಇಳಕಲ್ ಸೀರೆಯ ಸೆರಗು ಮುಂದಕ್ಕೆಳೆದು, ಏನೂ ಇಲ್ಲದ ತುದಿಗೆ ಒಂದು ಗಂಟು ಹಾಕಿದಳು. ಹಲ್ಲಿನಿಂದ ಕಚ್ಚಿ ಬಿಗಿ ಮಾಡಿ, ಬೀಳದ ಹಾಗೆ ಟೊಂಕಕ್ಕೆ ಸಿಗಿಸಿಕೊಂಡಳು.