ಅರ್ಧ ಬೆಲೆಯ ಕಾಂಗಾ

ಬೆಳಿಗ್ಗೆ ಮಗುವಿನ ಲಂಗೋಟಿ ತೊಳೆಯಲು ಸೌಮು ಅಂಗಳಕ್ಕೆ ಬಂದರೆ, ಬಾವಿಕಟ್ಟೆಯ ಮೇಲೆ ಹಗ್ಗವೂ ಇಲ್ಲ, ಬಕೀಟೂ ಇಲ್ಲ. ಎರಡೂ ಎದುರು ಕೋಣೆಯ ರಿಜಿಕಿ ಚಿಕ್ಕಮ್ಮನವು. ವಠಾರದವರು ಯಾರು ಬೇಕಾದರೂ ಸೇದಿಕೊಳ್ಳಲಿ ಎಂದು ಸದಾ ಅಲ್ಲೇ ಬಿದ್ದಿರುತ್ತಿದ್ದವು. ಈವತ್ತು ಚಿಕ್ಕಮ್ಮನ ಬಾಗಿಲೂ ಹಾಕಿತ್ತು.

ಸೌಮು ತಲೆ ಎತ್ತಿ ಬಟ್ಟೆ ಹರವುವ ತಂತಿ ನೋಡಿದಳು. ಹಿಂದಿನ ಸಂಜೆ ಗಂಡ ಬಕಾರಿ ಹೆಂಗಸರು ಮೈಗೆ ಸುತ್ತಿ ಉಡುವ ಅಚ್ಚಿನ ಹತ್ತಿಬಟ್ಟೆ, ಒಂದು ಜೋಡಿ ಹೊಸ ಕಾಂಗಾ ತಂದಿದ್ದ. ಒಂದನ್ನು ತಾನೇ ಹರಿದು ಲಂಗೋಟಿ ಮಾಡಿದ್ದ. ಮಗುವಿಗೆ ಹೊದಿಸಲಿಕ್ಕಿರಲಿ ಎಂದು ಇನ್ನೊಂದನ್ನು ಇಡಿಯಾಗಿ ಉಳಿಸಿ, ನೀರಲ್ಲಿ ಜಾಲಾಡಿ, ಬಿಸಿಲು ಚೆನ್ನಾಗಿ ಬೀಳುವ ಕಡೆಗೆ, ಅಂದರೆ ಚಿಕ್ಕಮ್ಮನ ಬಾಗಿಲಿಗೆ ಸರಿಯಾಗಿ ಹರವಿ ಮೀನಿಗೆ ಹೋಗಿದ್ದ. ಅದರ ಅಂಚಿನ ಮೇಲೆ ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು: ‘ಮಗುವಿನ ಸಂಕಟ ಹೆತ್ತವಳಿಗೇ ಗೊತ್ತು’.

ರಿಜಿಕಿ ಚಿಕ್ಕಮ್ಮನಿಗೆ ಮಕ್ಕಳಿಲ್ಲ.

ನಮ್ಮ ತಂಗಾ ಊರಿನ ಹೆಂಗಸರು ಬಾಯಿಬಿಟ್ಟು ಜಗಳ ಆಡುವ ಪೈಕಿ ಅಲ್ಲ. ಪ್ರತಿ ಕಾಂಗಾದ ಮೇಲೂ ಒಂದು ಮಾತಿರುತ್ತದೆ. ತನಗೆ ಬೇಕಾದ ಮಾತಿನ ಕಾಂಗಾ ಹುಡುಕಿ, ಉಟ್ಟುಕೊಂಡು, ಆಗದವಳ ಬಾಗಿಲ ಮುಂದೆ ಒಂದು ಸಲ ಹಾದುಹೋದರೆ ಸಾಕು, ಕೇರಿಗೆಲ್ಲ ಸುದ್ದಿ. ಇದು ಗೊತ್ತಿಲ್ಲದ ಹೆಂಗಸಿಲ್ಲ, ಇದನ್ನು ಗಮನಿಸುವ ಗಂಡಸಿಲ್ಲ. ದೋಣಿ ಕಟ್ಟಿ ಬಂದ ಬಕಾರಿಯನ್ನು ಸೌಮು ಹೊಸ್ತಿಲಲ್ಲೇ ಹಿಡಿದಳು.

“ಅಂಚಿನ ಮಾತು ಓದಿದ್ಯಾ?”

“ಬಣ್ಣ ನೋಡ್ದೆ. ಅರ್ಧ ಬೆಲೆಗೆ ಕೊಟ್ಟ ಕಣೇ!”

“ಯಾಕೆ ಅರ್ಧ ಬೆಲೆ ಅಂತ ಕೇಳಿದ್ಯಾ?”

“ಅಗ್ಗಕ್ಕೆ ಸಿಕ್ಕಿದ್ದನ್ನ ಯಾಕೆ ಅಂತ ಯಾರಾದ್ರೂ ಕೇಳ್ತಾರಾ?”

“ಎದುರು ಮನೆ ಅಂತ ಒಂದಿರೋ ಯಾವ ಹೆಂಗಸೂ ಅದನ್ನ ಕೊಳ್ಳಲ್ಲ, ಅದಕ್ಕೇ!”

ಓದಿ ನೋಡಿದ ಬಕಾರಿ ತಲೆ ಮೇಲೆ ಕೈಹೊತ್ತು ಕೂತ. ಡೈಪರ್ ಬೇಡವೇ ಬೇಡ ಎಂದು ಹಟ ಹಿಡಿದವನು ಅವನೇ. ಬಲೆ ಎಳೆದಾಗಲೆಲ್ಲ ಮೀನಿನ ಜೊತೆ ನೀರು ಕುಡಿದು ಉಬ್ಬಿದ ಡೈಪರ್ ಮೇಲೆ ಬರುವುದನ್ನು ಕಂಡು ಕಂಡು ಅವನಿಗೆ ಹೇಸಿಗೆಯಾಗಿತ್ತು. ಒಗೆದು ಮತ್ತೆ ಕಟ್ಟುವ ನಾಜೂಕಿನ ಲಂಗೋಟಿಗಳು ದೊಡ್ಡ ಅಂಗಡಿಯಲ್ಲೇನೋ ಇದ್ದವು. ಬೆಲೆ ಕೇಳಿ, ಮುಟ್ಟಿಯೂ ನೋಡದೆ ಹೊರಬಂದಿದ್ದ. ಬಡವನ ಪಾಲಿಗೆ ಉಳಿದದ್ದು ಹತ್ತಿಬಟ್ಟೆ ಮತ್ತು ಬಾವಿಯ ನೀರು.

“ಹೋಗ್ಲಿ, ಡೈಪರ್ರೇ ತರ್ತೀನಿ ಬಿಡು,” ಎಂದ.

“ಡೈಪರ್ ತರ್ತೀಯ. ಚಿಕ್ಕಮ್ಮನ್ನ ಯಾವ ಅಂಗಡಿಯಿಂದ ತರ್ತೀಯ?”

ತಾಯಿ ಇಲ್ಲದ ಸೌಮುವಿನ ಕೈಯನ್ನು ಹೆರಿಗೆಯ ಹೊತ್ತಿನಲ್ಲಿ ಹಿಡಿದು ಕೂತವಳು ರಿಜಿಕಿ. ಬಾಣಂತಿಗೆಂದು ಮೆಣಸು ಹಾಕಿ ಗಂಜಿ ಕಾಯಿಸಿ ಕುಡಿಸಿದವಳೂ ಅವಳೇ. ಅಷ್ಟರಲ್ಲಿ ಎದುರು ಬಾಗಿಲು ತೆರೆಯಿತು. ಚಿಕ್ಕಮ್ಮ ಅಂಗಳದಲ್ಲಿ ಆ ಕಡೆಯಿಂದ ಈ ಕಡೆಗೆ ನಿಧಾನವಾಗಿ ನಡೆದು, ಮಾತಿಲ್ಲದೆ ಒಳಗೆ ಹೋದಳು. ಉಟ್ಟ ಕಾಂಗಾ ಮಾತಾಡಿತ್ತು: ‘ಕತ್ತೆಯ ಕೃತಜ್ಞತೆ ಎಂದರೆ ಒದೆ’.

ತಪ್ಪಾಯಿತು ಎನ್ನುವ ಕಾಂಗಾವೂ ಪೇಟೆಯಲ್ಲಿ ಸಿಗುತ್ತದೆ, ಆದರೆ ಪೂರ್ತಿ ಬೆಲೆಗೆ. ಸೌಮು ಮಗು ಸೂದಿಯನ್ನು ಎತ್ತಿಕೊಂಡು, ಊರ ಪದ್ಧತಿ ಬದಿಗಿಟ್ಟು, ಬಾಯಿಂದಲೇ ಹೇಳಲು ಹೊರಟಳು. ಚಿಕ್ಕಮ್ಮ ತೆಂಗಿನಕಾಯಿ ತುರಿಯುತ್ತ ಕೂತಿದ್ದಳು. ತಲೆ ಎತ್ತಲಿಲ್ಲ.

“ಚಿಕ್ಕಮ್ಮಾ, ಅದು ನನ್ನ ಮಾತಲ್ಲ. ಅವನು ಓದದೆ ತಂದ, ಓದದೆ ಹರವಿದ. ನಿಮಗೆ ನೋವಾಯ್ತಲ್ಲ ಅಂತ ನನ್ನ ಕರುಳು ಕಿತ್ತು ಬರ್ತಿದೆ.”

“ನಿನ್ನ ಗಂಡಂಗೆ ಓದೋಕೆ ಬರಲ್ವಾ?”

“ಬರುತ್ತೆ. ಬೆಲೆ ಮಾತ್ರ.”

ಚಿಕ್ಕಮ್ಮ ನಗಲಿಲ್ಲ. ಆದರೆ ಸೂದಿ ಕಿಟಾರನೆ ಕಿರುಚಿಕೊಂಡ. ತುರಿಯುವ ಕೈ ನಿಂತಿತು. ಅವನನ್ನು ಕಿತ್ತುಕೊಂಡು ಲಂಗೋಟಿ ಬಿಚ್ಚಿದಳು. ತೊಡೆಯ ಸಂದಿಯೆಲ್ಲ ಕೆಂಪು.

“ಅಯ್ಯೋ ನಿನ್ನ! ಗಂಜಿ ಹೋಗದ ಹೊಸ ಬಟ್ಟೆ ಕಟ್ಟಿದೀಯಲ್ಲೇ! ಉಪ್ಪುಕಾಗದದಲ್ಲಿ ಉಜ್ಜಿದ ಹಾಗಾಗಿದೆ. ಕೂಸಿಗೆ ಹಳೇ ಕಾಂಗಾ ಕಟ್ಬೇಕು ಅಂತ ಹೇಳೋರು ಯಾರೂ ಇರ್ಲಿಲ್ವಾ?”

“ಹೇಳೋರು ಬಾಗಿಲು ಹಾಕ್ಕೊಂಡಿದ್ರು.”

ಚಿಕ್ಕಮ್ಮ ಮಗುವನ್ನು ಹೆಗಲಿಗೆ ಹಾಕಿಕೊಂಡು ಮಂಚದ ಕೆಳಗಿನ ಪೆಟ್ಟಿಗೆ ಎಳೆದಳು. ಒಳಗೆ ಒಗೆದು ಒಗೆದು ಬೆಣ್ಣೆಯಂತಾದ ಹಳೆಯ ಕಾಂಗಾಗಳು, ಒಂದೊಂದೂ ಲಂಗೋಟಿಯ ಅಳತೆಗೆ ಹರಿದು ಅಂಚು ಹೊಲಿದವು. ಯಾವುದನ್ನೂ ಯಾವ ಮಗುವಿಗೂ ಕಟ್ಟಿರಲಿಲ್ಲ.

“ಎರಡು ಸಲ ಬಸುರಾದೆ. ಎರಡು ಸಲವೂ ಹೊಲಿದಿಟ್ಟೆ, ಕೂಸು ಉಳೀಲಿಲ್ಲ,” ಎಂದಳು ಚಿಕ್ಕಮ್ಮ. “ನಿನ್ನ ಕಾಂಗಾ ಸುಳ್ಳು ಹೇಳಿಲ್ಲ ಬಿಡು. ಆ ಸಂಕಟ ನಂಗೂ ಗೊತ್ತು.”

ಸೌಮು ಅವಳ ಭುಜಕ್ಕೆ ಮುಖವೊತ್ತಿ ಅತ್ತುಬಿಟ್ಟಳು. ಅಳುವವರು ಇಬ್ಬರಾದ ಮೇಲೆ ಸೂದಿ ಸುಮ್ಮನಾದ.

ಮಧ್ಯಾಹ್ನದ ಹೊತ್ತಿಗೆ ಹಗ್ಗ ಬಾವಿಗೆ ಇಳಿದಿತ್ತು, ತಂತಿಯ ತುಂಬ ತುಂಡು ಕಾಂಗಾಗಳು ಹಾರಾಡುತ್ತಿದ್ದವು. ಅಳತೆಗೆ ಹರಿದದ್ದರಿಂದ ಮಾತುಗಳೂ ತುಂಡು ತುಂಡು. ಒಂದರಲ್ಲಿ ‘ಹೊಟ್ಟೆಕಿಚ್ಚಿ’, ಇನ್ನೊಂದರಲ್ಲಿ ‘ದೇವರು ಕೊಟ್ಟ’, ಮತ್ತೊಂದರಲ್ಲಿ ಬರೀ ‘ನಿನ್ನ ಬಾಯಿ’. ಪಕ್ಕದ ವಠಾರದ ಹೆಂಗಸರು ಗೋಡೆಯ ಮೇಲಿಂದ ಕತ್ತು ಚಾಚಿ, ಕೂಡಿಸಿ ಕೂಡಿಸಿ ಓದಿ, ತಲೆ ಕೆಡಿಸಿಕೊಂಡರು. ಕೊನೆಗೆ ಒಬ್ಬಳು ತಡೆಯಲಾರದೆ ಕೂಗಿದಳು:

“ಏನೇ ರಿಜಿಕಿ, ಇಷ್ಟೊಂದು ಮಾತು! ಯಾರಿಗೇ ಹೇಳ್ತಿರೋದು?”

ಚಿಕ್ಕಮ್ಮ ತಿರುಗಿಯೂ ನೋಡದೆ ಮತ್ತೊಂದು ಬಕೀಟು ನೀರು ಸೇದಿದಳು.

“ನನ್ನ ಮೊಮ್ಮಗನ ಕುಂಡಿಗೆ!”