ಹದಿನೈದು ನಿಮಿಷದ ಲಂಡನ್

ಪ್ಯಾರಿಸ್‌ನಲ್ಲಿ ಸೀನಿದವನು ಮೂಗು ಒರೆಸಿಕೊಳ್ಳುವುದು ಲಂಡನ್‌ನಲ್ಲೇ ಎಂದು ಸುಬ್ಬನರಸಿಂಹ ವಿಮಾನ ನಿಲ್ದಾಣದಲ್ಲಿ ಅತ್ತೆಗೆ ಹೇಳಿದ್ದ.

"ಬರೀ ಹದಿನೈದು ನಿಮಿಷ, ಅತ್ತೆಯವರೇ. ಈ ದಾರೀಲಿ ನೂರು ಸಲ ಹಾರಿದ್ದೀನಿ. ಎಲ್ಲಿ ತಿರುಗಿಸಬೇಕು ಅಂತ ಪೈಲಟ್‌ಗಳೇ ನನ್ನ ಕೇಳ್ತಾರೆ."

ಶೌಚಾಲಯದ ಕಡೆ ಹೊರಟಿದ್ದ ಅತ್ತೆ, ಲಂಡನ್‌ನಲ್ಲಿ ಇಳಿದೇ ಹೋದರಾಯಿತು ಎಂದುಕೊಂಡು ಅರ್ಧ ದಾರಿಯಿಂದ ವಾಪಸು ಬಂದು ವಿಮಾನ ಹತ್ತಿದರು.

ಅರ್ಧ ಗಂಟೆ ಹಾರಿದರೂ ಲಂಡನ್ ಬರಲಿಲ್ಲ. ಅತ್ತೆ ಎದ್ದಾಗಲೆಲ್ಲ ಅವನು "ಇನ್ನೇನು ಬಂತು, ಕೂತ್ಕೊಳ್ಳಿ" ಎಂದು ಕೂರಿಸಿದ. ಕೊನೆಗೆ ಇನ್ನು ತಡೆಯಲಾರೆನೆಂದು ಅವರು ಎದ್ದೇಬಿಟ್ಟಾಗ ಬೆಲ್ಟ್ ಹಾಕಿಕೊಳ್ಳುವ ದೀಪ ಹೊತ್ತಿತು. ಗಗನಸಖಿ ನಗುನಗುತ್ತಲೇ ಅವರನ್ನು ಮತ್ತೆ ಕೂರಿಸಿ ಬಿಗಿದಳು.

"ಅಳಿಯಂದಿರೇ," ಅತ್ತೆ ಹಲ್ಲು ಕಚ್ಚಿಕೊಂಡು ಕೇಳಿದರು, "ನಿಮ್ಮ ಲಂಡನ್ ಎಲ್ಲೀವರೆಗೆ ಬಂತು?"

ಸುಬ್ಬನರಸಿಂಹ ಬೆವರಿದ. ಪಕ್ಕದಲ್ಲಿದ್ದ ಹೆಂಡತಿ ಅವನತ್ತ ತಿರುಗಿದಳು.

"ಟಿಕೆಟ್‌ನಲ್ಲಿ ಒಂಬತ್ತಕ್ಕೆ ಹೊರಟು ಒಂಬತ್ತೂಕಾಲಿಗೆ ಇಳಿಯೋದು ಅಂತಿತ್ತಲ್ಲ, ಅದನ್ನ ನೋಡಿ ಹೇಳಿದ್ರಾ? ಲಂಡನ್ ಗಡಿಯಾರ ಪ್ಯಾರಿಸ್‌ಗಿಂತ ಒಂದು ಗಂಟೆ ಹಿಂದೆ ಕಣ್ರೀ. ಪ್ರಯಾಣ ಒಂದೂಕಾಲು ಗಂಟೆ."

"ಹಾಗಾದ್ರೆ ನೂರು ಸಲ ಹಾರಿದ್ದು?" ಎಂದರು ಅತ್ತೆ.

ಸುಬ್ಬನರಸಿಂಹ ಕಾಲಿನ ಮೇಲೆ ಕಾಲು ಹಾಕಿ ಇನ್ನಷ್ಟು ಬಿಗಿಯಾಗಿ ಕೂತ.

"ಇದೇ ಮೊದಲು, ಅತ್ತೆಯವರೇ. ಹದಿನೈದೇ ನಿಮಿಷ ಅಂತ ನಂಬಿಕೊಂಡು ನಾನೂ ಹೋಗದೇ ಬಂದಿದ್ದೀನಿ."